ಹಳೆಯ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಸದ್ದು ಕೆಟ್ಟರೆ: ದೋಷ ಹುಡುಕುವ ಕೈಪಿಡಿ

ಮನೆಯ ಹಳೆಯ ವಿನೈಲ್ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತರೆ ಮೊದಲ ರೆಕಾರ್ಡಿಂಗೇ ಚೆನ್ನಾಗಿ ಬರುವುದು ಅಪರೂಪ. ಹಾಡಿನ ಅಡಿಯಲ್ಲಿ ಗುಂಯ್ ಅನ್ನುವ ಸದ್ದು ಇರುತ್ತದೆ. ಇಲ್ಲವೇ ಚಟಪಟ ಸದ್ದು, ಒಂದೇ ಕಿವಿಗೆ ಕೇಳುವ ಹಾಡು, ಎಳೆದೆಳೆದು ಓಡುವ ದನಿ. ಆಗ ಹೆಚ್ಚಿನವರ ಕೈ ನೇರವಾಗಿ ಸಾಫ್ಟ್‌ವೇರಿನ ‘ನಾಯ್ಸ್ ರಿಡಕ್ಷನ್’ ಗುಂಡಿಗೆ ಹೋಗುತ್ತದೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಗದ್ದಲದ ಜೊತೆ ಹಾಡನ್ನೂ ಅಷ್ಟಿಷ್ಟು ತಿನ್ನುತ್ತದೆ. ಜಾಸ್ತಿ ಹಾಕಿದರೆ ಹಾಡುವವರ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ವರ್ಷಗಟ್ಟಲೆ ಜೋಪಾನವಾಗಿ ಉಳಿದು ಬಂದ ಪ್ಲೇಟಿಗೆ ಹೀಗಾಗಬಾರದು.

ಸದ್ದು ಸಾಗುವ ದಾರಿ ಹೀಗಿದೆ: ಪ್ಲೇಟು, ಸೂಜಿ, ಕಾರ್ಟ್ರಿಡ್ಜ್ (ಸೂಜಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ), ವೈರು, ಫೋನೋ ಪ್ರಿಆಂಪ್ (ಆ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಸಾಧನ), ಸೌಂಡ್ ಕಾರ್ಡ್, ಆಮೇಲೆ ಸಾಫ್ಟ್‌ವೇರ್. ದೋಷ ಎಲ್ಲಿ ಹುಟ್ಟುತ್ತದೋ ಅಲ್ಲೇ ಅದನ್ನು ಸರಿಪಡಿಸಬೇಕು. ಮುಂದೆ ಎಲ್ಲೇ ಸರಿಪಡಿಸಲು ಹೋದರೂ ಹಾಡಿನ ಒಂದು ಭಾಗ ಕಳೆದುಹೋಗುತ್ತದೆ.

ಮೊದಲು ಮೂರು ಪರೀಕ್ಷೆ

ಕಿವಿಗೆ ಹೆಡ್‌ಫೋನ್ ಹಾಕಿ, ರೆಕಾರ್ಡಿಂಗ್ ಶುರು ಮಾಡಿ. ಸೂಜಿ ಮೇಲಿರಲಿ, ಮೋಟರ್ ನಿಂತಿರಲಿ. ಹತ್ತು ಸೆಕೆಂಡ್ ಕೇಳಿ. ಆಮೇಲೆ ಸೂಜಿ ಇಳಿಸದೆ ಮೋಟರ್ ಹಾಕಿ, ಮತ್ತೆ ಹತ್ತು ಸೆಕೆಂಡ್. ಕೊನೆಗೆ ಹಾಡು ಶುರುವಾಗುವ ಮೊದಲಿನ ಖಾಲಿ ಗೆರೆಯ ಮೇಲೆ ಸೂಜಿ ಇಳಿಸಿ. ಮೋಟರ್ ನಿಂತಿರುವಾಗಲೇ ಗದ್ದಲ ಇದ್ದರೆ ಅದು ಕರೆಂಟು, ವೈರು ಅಥವಾ ಕಂಪ್ಯೂಟರಿನದು. ಮೋಟರ್ ಹಾಕಿದಾಗ ಶುರುವಾದರೆ ಮೋಟರಿನದು. ಸೂಜಿ ಇಳಿದಾಗ ಮಾತ್ರ ಬಂದರೆ ಪ್ಲೇಟು, ಸೂಜಿ ಅಥವಾ ತಿರುಗುವ ತಟ್ಟೆಯದು. ಅರ್ಧ ನಿಮಿಷದ ಈ ಪರೀಕ್ಷೆ ಅರ್ಧ ತಲೆನೋವು ಕಳೆಯುತ್ತದೆ.

ಎರಡನೆಯದು, ಒಂದೇ ಜಾಗವನ್ನು ಎರಡು ಸಲ ರೆಕಾರ್ಡ್ ಮಾಡಿ ನೋಡುವುದು. ದೋಷ ಅದೇ ಜಾಗದಲ್ಲಿ ಮತ್ತೆ ಬಂದರೆ ಅದು ಪ್ಲೇಟಿನಲ್ಲಿದೆ. ಜಾಗ ಬದಲಾದರೆ ಬೇರೆಲ್ಲೋ ಇದೆ.

ಮೂರನೆಯದು, ಎಡ ಮತ್ತು ಬಲದ ಪ್ಲಗ್ಗುಗಳನ್ನು ಪ್ರಿಆಂಪಿನ ಇನ್‌ಪುಟ್ಟಿನಲ್ಲಿ ಅದಲು ಬದಲು ಮಾಡುವುದು. ಇದಕ್ಕೆ ಮುಂಚೆ ವಾಲ್ಯೂಮ್ ಪೂರ್ತಿ ಇಳಿಸಿರಿ. ದೋಷ ಎಡದಿಂದ ಬಲಕ್ಕೆ ಹೋಯಿತೇ? ಹಾಗಾದರೆ ಅದು ಪ್ರಿಆಂಪಿಗಿಂತ ಹಿಂದೆ, ಟರ್ನ್‌ಟೇಬಲ್ ಕಡೆಗಿದೆ. ಇದ್ದಲ್ಲೇ ಇದ್ದರೆ ಪ್ರಿಆಂಪ್ ಅಥವಾ ಅದರ ಮುಂದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಸೂಜಿ, ಬೆಲ್ಟು, ಕೇಬಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಗುಂಯ್ ಅನ್ನುವ ಸದ್ದು

ಇದು ಕರೆಂಟಿನ ಸದ್ದು. ಮನೆಗೆ ಬರುವ ಕರೆಂಟು 50 ಹರ್ಟ್ಸ್, ಕೆಲವು ದೇಶಗಳಲ್ಲಿ 60. ಅದೇ ಕಂಪನ ರೆಕಾರ್ಡಿಂಗಿನೊಳಗೆ ಸೇರಿಕೊಂಡಿರುತ್ತದೆ.

ಟರ್ನ್‌ಟೇಬಲ್‌ನ ಹಿಂದೆ ಎರಡು ಆಡಿಯೋ ಪ್ಲಗ್ಗುಗಳ ಜೊತೆ ಸಣ್ಣ ಒಂಟಿ ವೈರು ಇದೆಯೇ ನೋಡಿ. ಅದು ಅರ್ಥಿಂಗ್ ವೈರು. ಪ್ರಿಆಂಪಿನ ಹಿಂದಿರುವ ಅರ್ಥಿಂಗ್ ಸ್ಕ್ರೂಗೆ ಅದನ್ನು ಬಿಗಿಯಾಗಿ ಕಟ್ಟಬೇಕು. ಟೋನ್‌ಆರ್ಮಿನ (ಸೂಜಿಯನ್ನು ಹಿಡಿದಿರುವ ತೋಳಿನ) ಲೋಹದ ಭಾಗವನ್ನು ಬೆರಳಿನಿಂದ ಮುಟ್ಟಿದಾಗ ಸದ್ದು ಏರಿದರೆ ಅಥವಾ ಇಳಿದರೆ ಈ ವೈರು ಎಲ್ಲೋ ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

ಅದು ಸರಿಯಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ತಟ್ಟನೆ ನಿಂತರೆ ಚಾರ್ಜರಿನ ಮೂಲಕ ಬರುತ್ತಿದೆ. ಪ್ಲೇಟಿನ ಒಂದು ಬದಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದ್ದರಿಂದ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿದರಾಯಿತು. ಮೇಜಿನ ಕಂಪ್ಯೂಟರ್ ಆದರೆ ಎಲ್ಲ ಸಾಧನಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಗುಂಯ್ ನಿಲ್ಲಲಿ ಅಂತ ಪ್ಲಗ್ಗಿನ ಅರ್ಥಿಂಗ್ ಪಿನ್ ಕತ್ತರಿಸುವ ಅಭ್ಯಾಸ ಕೆಲವರಿಗಿದೆ. ಅದು ಜೀವಕ್ಕೆ ಅಪಾಯ, ಯಾವ ಕಾರಣಕ್ಕೂ ಮಾಡಬೇಡಿ.

ಇನ್ನೊಂದು ಬಗೆಯ ಗುಂಯ್ ಇದೆ. ಸೂಜಿ ತಾಗದ ಹಾಗೆ ಟೋನ್‌ಆರ್ಮನ್ನು ಕೈಯಲ್ಲಿ ಹಿಡಿದು ತಟ್ಟೆಯ ಮೇಲೆ ನಿಧಾನಕ್ಕೆ ಸರಿಸಿ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕೇಳಿದರೆ ಕಾರ್ಟ್ರಿಡ್ಜ್ ಯಾವುದೋ ಟ್ರಾನ್ಸ್‌ಫಾರ್ಮರಿನ ಅಥವಾ ಮೋಟರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ. ಹತ್ತಿರವಿರುವ ಆಂಪ್ಲಿಫೈಯರ್, ಅಡಾಪ್ಟರುಗಳನ್ನು ದೂರ ಸರಿಸಿ.

ಸದ್ದು ತೀರಾ ಸಣ್ಣ, ಅಥವಾ ಒಡೆದು ಬರುತ್ತದೆ

ಸಾಮಾನ್ಯವಾಗಿ ಬಳಕೆಯಲ್ಲಿರುವ ‘ಮೂವಿಂಗ್ ಮ್ಯಾಗ್ನೆಟ್’ ಬಗೆಯ ಕಾರ್ಟ್ರಿಡ್ಜ್ ಹೊರಡಿಸುವ ಸಿಗ್ನಲ್ 3ರಿಂದ 5 ಮಿಲಿವೋಲ್ಟ್ ಮಾತ್ರ. ಸೌಂಡ್ ಕಾರ್ಡಿನ ಲೈನ್ ಇನ್‌ಪುಟ್ಟಿಗೆ ಅದರ ನೂರು ಪಟ್ಟು ಬೇಕು. ಇದಲ್ಲದೆ ಪ್ಲೇಟು ಕೊರೆಯುವಾಗ ತಗ್ಗಿನ ಸದ್ದನ್ನು (ಬೇಸ್) ಇಳಿಸಿ, ಹೆಚ್ಚಿನ ಸದ್ದನ್ನು (ಟ್ರೆಬಲ್) ಏರಿಸಿ ಕೊರೆಯುತ್ತಾರೆ. 1954ರಿಂದ ಬಳಕೆಗೆ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ) ಮಾನಕದ ಪ್ರಕಾರ ಎರಡು ತುದಿಗಳಲ್ಲಿ ಈ ವ್ಯತ್ಯಾಸ ಸುಮಾರು 20 ಡೆಸಿಬೆಲ್. ಇದನ್ನು ತಿರುಗಿಸಿ ಸರಿಮಾಡುವುದು ಫೋನೋ ಪ್ರಿಆಂಪಿನ ಕೆಲಸ.

ಹಾಗಾಗಿ ಸದ್ದು ಸಣ್ಣಗಿದ್ದು, ಕೀರಲಾಗಿ, ಬೇಸ್ ಇಲ್ಲದೆ ಕೇಳಿದರೆ ಪ್ರಿಆಂಪ್ ಇಲ್ಲ ಎಂದರ್ಥ. ಸದ್ದು ದಪ್ಪವಾಗಿ ಗುಮುಗುಟ್ಟುತ್ತಾ ಒಡೆದು ಬಂದರೆ ಎರಡು ಪ್ರಿಆಂಪ್ ಒಂದರ ಹಿಂದೆ ಒಂದು ಕೂತಿವೆ. ಈಗಿನ ಅನೇಕ ಟರ್ನ್‌ಟೇಬಲ್‌ಗಳ ಒಳಗೇ ಪ್ರಿಆಂಪ್ ಇರುತ್ತದೆ. ಹಿಂದೆ ‘ಫೋನೋ’, ‘ಲೈನ್’ ಎಂಬ ಸಣ್ಣ ಸ್ವಿಚ್ ಇರುತ್ತದೆ. ಹೊರಗಿನ ಪ್ರಿಆಂಪ್ ಬಳಸಿದರೆ ‘ಫೋನೋ’, ನೇರವಾಗಿ ಸೌಂಡ್ ಕಾರ್ಡಿಗೆ ಹಾಕಿದರೆ ‘ಲೈನ್’. ಪೆಟ್ಟಿಗೆಯಂಥ ಹಳೆಯ ಪ್ಲೇಯರುಗಳಲ್ಲಿ ಸೆರಾಮಿಕ್ ಕಾರ್ಟ್ರಿಡ್ಜ್ ಇರಬಹುದು. ಅದರ ಸಿಗ್ನಲ್ ಮೊದಲೇ ದೊಡ್ಡದು, ಫೋನೋ ಇನ್‌ಪುಟ್ಟಿಗೆ ಹಾಕಿದರೆ ಒಡೆಯುತ್ತದೆ.

ಇನ್ನು ಲೆವೆಲ್. ಪ್ಲೇಟಿನ ಅತಿ ಜೋರಾದ ಭಾಗ ಓಡುವಾಗ ಮೀಟರಿನ ತುದಿ ಮೈನಸ್ 6 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಇನ್ನೂ ಸ್ವಲ್ಪ ಕೆಳಗಿದ್ದರೂ ನಷ್ಟವಿಲ್ಲ. ಒಡೆದ ಸದ್ದು ಎಲ್ಲಿಂದ ಬಂತು ಎಂದು ತಿಳಿಯಲು ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿದ್ದು, ಅದು ಸೊನ್ನೆ ಡೆಸಿಬೆಲ್ ಗೆರೆಗೆ ತಾಗಿದ್ದರೆ ಕಂಪ್ಯೂಟರಿನ ಇನ್‌ಪುಟ್ ಜಾಸ್ತಿಯಾಗಿದೆ. ಚಪ್ಪಟೆ ತಲೆ ಸೊನ್ನೆಗಿಂತ ಕೆಳಗೇ ನಿಂತಿದ್ದರೆ ಸದ್ದು ಕಂಪ್ಯೂಟರಿನ ಒಳಗೆ ಅಂಕಿಯಾಗುವ ಮೊದಲೇ ಒಡೆದಿದೆ. ಆಗ ಸಾಫ್ಟ್‌ವೇರಿನ ಸ್ಲೈಡರ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ಪ್ರಿಆಂಪ್ ಕಡೆ ಹೋಗಿ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕುವುದು ಬೇಡ. ಅದು ಸಾಮಾನ್ಯವಾಗಿ ಮೋನೋ, ಜೊತೆಗೆ ಮಾತಿಗೆಂದೇ ಮಾಡಿದ್ದು. ಸದ್ದು ತಾನಾಗಿಯೇ ಏರುತ್ತಾ ಇಳಿಯುತ್ತಾ ಇದ್ದರೆ, ಹಾಡಿನ ಕೊನೆಯ ಎಳೆ ಕರಗಿ ಮಾಯವಾದರೆ, ಆಪರೇಟಿಂಗ್ ಸಿಸ್ಟಮ್ಮಿನ ‘ಎನ್‌ಹಾನ್ಸ್‌ಮೆಂಟ್’ ಚಾಲೂ ಇರಬಹುದು. ಇನ್‌ಪುಟ್ ಸೆಟ್ಟಿಂಗಿಗೆ ಹೋಗಿ ಅದನ್ನು ಆರಿಸಿ.

ಒಂದೇ ಕಡೆ ಕೇಳುತ್ತದೆ, ಅಥವಾ ಸದ್ದು ಟೊಳ್ಳು

ಪ್ಲಗ್ ಬದಲಿಸುವ ಪರೀಕ್ಷೆಯಲ್ಲಿ ದೋಷ ಟರ್ನ್‌ಟೇಬಲ್ ಕಡೆ ಎಂದು ಕಂಡರೆ ಕಾರ್ಟ್ರಿಡ್ಜ್ ಹಿಂದಿನ ನಾಲ್ಕು ಸಣ್ಣ ವೈರುಗಳನ್ನು ನೋಡಿ. ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಕ್ಲಿಪ್ ಸಡಿಲಾಗಿರುವುದು, ಪಿನ್ನಿಗೆ ಕಿಲುಬು ಹಿಡಿದಿರುವುದು ತುಂಬಾ ಸಾಮಾನ್ಯ. ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂತಿರುವ ತುದಿಯ ಭಾಗ) ಬಿಚ್ಚಿ ಅದರ ಹಿಂದಿನ ಲೋಹದ ಚುಕ್ಕೆಗಳನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಎರಡೂ ಕಡೆ ಕೇಳುತ್ತದೆ, ಆದರೆ ಹಾಡುವವರು ಎಲ್ಲಿದ್ದಾರೆ ಅಂತ ಗೊತ್ತಾಗುವುದಿಲ್ಲ, ಬೇಸ್ ಇಲ್ಲ. ಹಾಗಿದ್ದರೆ ಎರಡೂ ಚಾನೆಲ್ಲುಗಳನ್ನು ಸಾಫ್ಟ್‌ವೇರಿನಲ್ಲಿ ಸೇರಿಸಿ ಮೋನೋ ಮಾಡಿ. ದನಿ ಬಹುಪಾಲು ಮಾಯವಾದರೆ ಒಂದು ಚಾನೆಲ್ಲಿನ ಎರಡು ವೈರುಗಳು ತಿರುವುಮುರುವಾಗಿವೆ. ಸರಿಯಾಗಿ ಹಾಕಿ.

ಚಟ್ ಚಟ್, ಕರಕರ

ಹೆಚ್ಚಿನವರನ್ನು ಕಾಡುವುದು ಇದೇ. ಕೇಳಲು ಒಂದೇ ಥರ ಇದ್ದರೂ ಇದರಲ್ಲಿ ನಾಲ್ಕು ಬಗೆ ಇವೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಗೀರು. ಇದು ಲಯಬದ್ಧವಾಗಿ ಬರುತ್ತದೆ. 33⅓ ವೇಗದ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ, ಪ್ಲೇಟು ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. 45ರದ್ದು 1.33 ಸೆಕೆಂಡ್, 78ರದ್ದು 0.77 ಸೆಕೆಂಡ್. ಅಲೆಯ ಚಿತ್ರದಲ್ಲಿ ಎರಡು ಚಟ್‌ಗಳ ನಡುವಿನ ಅಂತರ ಅಳೆಯಿರಿ. ಸುತ್ತಿನ ಅವಧಿಗೆ ಹೊಂದಿದರೆ ಅದು ಗೆರೆಗಳಿಗೆ ಅಡ್ಡಲಾಗಿ ಬಿದ್ದ ಗೀರು. ಎಷ್ಟು ತೊಳೆದರೂ ಹೋಗುವುದಿಲ್ಲ, ಸಾಫ್ಟ್‌ವೇರಿನಲ್ಲೇ ತೆಗೆಯಬೇಕು.

ಎರಡನೆಯದು ಕೊಳೆ. ಅದೇ ಜಾಗದಲ್ಲಿ ಮರುಕಳಿಸುತ್ತದೆ, ಆದರೆ ಸುತ್ತಿಗೆ ಸುತ್ತಿಗೆ ಲಯ ಇರುವುದಿಲ್ಲ. ಇದು ತೊಳೆದರೆ ಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಮೃದುವಾದ ಸೋಪು ದ್ರವದ ಒಂದೆರಡು ಹನಿ ಸಾಕು. ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲೇ ಸುತ್ತಾಗಿ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಿಂದ ಮತ್ತೆ ಒರೆಸಿ, ನಿಲ್ಲಿಸಿ ಒಣಗಿಸಿ. ನಲ್ಲಿ ನೀರು ಒಣಗಿದಾಗ ಅದರಲ್ಲಿರುವ ಲವಣ ಗೆರೆಯೊಳಗೆ ಉಳಿದು ಹೊಸ ಚಟಪಟ ಶುರುವಾಗುತ್ತದೆ. ನಡುವಿನ ಲೇಬಲ್ ನೆನೆಯದಂತೆ ನೋಡಿಕೊಳ್ಳಿ. ಬಿಸಿಲಿಗೆ ಇಡಬೇಡಿ, ಪ್ಲೇಟು ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಓಡಿಸಿ. ತೊಳೆದ ಪ್ಲೇಟನ್ನು ಹಳೆಯ ಧೂಳಿನ ಕವರಿಗೆ ವಾಪಸ್ ಹಾಕಿದರೆ ಮಾಡಿದ ಕೆಲಸವೆಲ್ಲ ಸುಮ್ನೆ ಹಾಳು, ಅಲ್ವಾ? ಒಳಗಿನ ಕವರ್ ಹೊಸದಿರಲಿ.

ಮೂರನೆಯದು ಸ್ಥಾಯೀ ವಿದ್ಯುತ್ತು. ಗಾಳಿ ಒಣಗಿರುವ ದಿನಗಳಲ್ಲಿ ಜಾಸ್ತಿ. ಜಾಗ ಬದಲಾಗುತ್ತಲೇ ಇರುತ್ತದೆ. ಪ್ಲೇಟು ಎತ್ತುವಾಗ ಮ್ಯಾಟ್ ಅಂಟಿಕೊಂಡು ಬರುವುದು, ಕೈ ಕೂದಲು ನಿಮಿರುವುದು ಇದರ ಗುರುತು. ಕಾರ್ಬನ್ ಫೈಬರ್ ಬ್ರಷ್ ಉಪಯೋಗಿಸಿ, ಕೋಣೆಯ ಗಾಳಿ ತೀರಾ ಒಣಗದಂತೆ ನೋಡಿಕೊಳ್ಳಿ.

ನಾಲ್ಕನೆಯದು ಕಂಪ್ಯೂಟರಿನ ತಪ್ಪು. ಇದನ್ನು ಪ್ಲೇಟಿನ ಮೇಲೆ ಹೊರಿಸಿ ಮತ್ತೆ ಮತ್ತೆ ತೊಳೆಯುವವರಿದ್ದಾರೆ. ಚಟ್ ಬಂದ ಜಾಗವನ್ನು ಚೆನ್ನಾಗಿ ದೊಡ್ಡದು ಮಾಡಿ. ಗೀರು ಅಥವಾ ಕೊಳೆಯಾದರೆ ಅಲೆಯ ಮೇಲೆ ಚೂಪಾದ ಮುಳ್ಳು ಕಾಣುತ್ತದೆ, ಅದರ ಎರಡೂ ಬದಿಗೆ ಅಲೆ ಮುಂದುವರಿದಿರುತ್ತದೆ. ಕಂಪ್ಯೂಟರ್ ಸಿಗ್ನಲ್ ಕಳೆದುಕೊಂಡಿದ್ದರೆ ಅಲೆ ತಟ್ಟನೆ ತುಂಡಾಗಿ ಬೇರೆ ಎತ್ತರದಿಂದ ಶುರುವಾಗುತ್ತದೆ, ಅಥವಾ ಒಂದು ಚೂರು ಪೂರ್ತಿ ಸಪಾಟಾಗಿರುತ್ತದೆ. ಯುಎಸ್‌ಬಿ ಕೇಬಲನ್ನು ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಹಾಕಿ. ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಬಫರ್ (ಸಿಗ್ನಲ್ಲನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಹೆಚ್ಚಿಸಿ. ಆಪರೇಟಿಂಗ್ ಸಿಸ್ಟಮ್ ಮತ್ತು ಸಾಫ್ಟ್‌ವೇರ್ ಎರಡರಲ್ಲೂ ಒಂದೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕೆಂಬ ಲೆಕ್ಕ) ಇಡಿ. ಕ್ಲೌಡಿಗೆ ತಾನಾಗಿ ಹೋಗುವ ಫೋಲ್ಡರಿನಲ್ಲಿ ರೆಕಾರ್ಡ್ ಮಾಡಬೇಡಿ. ಜಾಗವೂ ಸಾಕಷ್ಟಿರಲಿ: 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋ ನಿಮಿಷಕ್ಕೆ ಸುಮಾರು 35 ಮೆಗಾಬೈಟ್ ತಿನ್ನುತ್ತದೆ. 48 ಕಿಲೋಹರ್ಟ್ಸ್ ಆದರೆ ಅದರ ಅರ್ಧ. ಮನೆಯ ಸಂಗ್ರಹಕ್ಕೆ ಈ ಎರಡನೆಯದೇ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ.

ಉಳಿದ ಗೀರುಗಳಿಗೆ ಈಗ ಸಾಫ್ಟ್‌ವೇರ್. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನ ‘ರಿಪೇರ್’ 128 ಸ್ಯಾಂಪಲ್‌ವರೆಗಿನ ಸಣ್ಣ ತುಂಡನ್ನು ಸುತ್ತಲಿನ ಅಲೆ ನೋಡಿ ತುಂಬಿಕೊಡುತ್ತದೆ. ಒಂದೆರಡು ದೊಡ್ಡ ಚಟ್‌ಗಳಿಗೆ ಇದೇ ಒಳ್ಳೆಯದು, ಬೇರೆ ಭಾಗವನ್ನು ಮುಟ್ಟುವುದಿಲ್ಲ. ಇಡೀ ಬದಿಗೆ ‘ಕ್ಲಿಕ್ ರಿಮೂವಲ್’ ಹಾಕುವಾಗ ಎಚ್ಚರ ಬೇಕು. ತಾಳವಾದ್ಯದ ಪೆಟ್ಟಿನ ಮೊದಲ ಕ್ಷಣ ಸಾಫ್ಟ್‌ವೇರಿಗೆ ಗೀರಿನ ಥರವೇ ಕಾಣುತ್ತದೆ. ಏನು ಹೋಯಿತು ಅಂತ ತಿಳಿಯಲು ಸುಲಭ ದಾರಿ ಇದೆ. ಸ್ವಚ್ಛ ಮಾಡಿದ ಪ್ರತಿಯನ್ನು ‘ಇನ್ವರ್ಟ್’ ಮಾಡಿ ಮೂಲದ ಜೊತೆ ಸೇರಿಸಿ. ಎರಡರಲ್ಲೂ ಇರುವುದು ಹೊಡೆದುಹೋಗಿ, ತೆಗೆದದ್ದು ಮಾತ್ರ ಉಳಿಯುತ್ತದೆ. ಅದರಲ್ಲಿ ಬರೀ ಚಟ್ ಚಟ್ ಇದ್ದರೆ ಸರಿ. ತಾಳ ಕೇಳಿಸಿದರೆ ಸೆಟ್ಟಿಂಗ್ ಸಡಿಲ ಮಾಡಿ.

ಮೋನೋ ಪ್ಲೇಟಾದರೆ ಇನ್ನೊಂದು ಅನುಕೂಲ. ಅದರಲ್ಲಿ ಹಾಡು ಸೂಜಿಯ ಅಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ಮೇಲೆ ಕೆಳಗೆ ಕುಣಿಯುವುದೆಲ್ಲ ಗದ್ದಲವೇ. ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿ ಎರಡೂ ಚಾನೆಲ್ ಸೇರಿಸಿದರೆ ಆ ಗದ್ದಲ ತಾನಾಗಿ ಕಳೆಯುತ್ತದೆ. ಗೆರೆಯ ಒಂದು ಗೋಡೆ ಮಾತ್ರ ಸವೆದಿದ್ದರೆ ಚೆನ್ನಾಗಿರುವ ಚಾನೆಲ್ ಒಂದನ್ನೇ ಇಟ್ಟುಕೊಳ್ಳಿ.

ಶ್ರುತಿ ಏರುಪೇರು

ತಟ್ಟೆಯ ಅಂಚಿಗೆ ಸಣ್ಣ ಕಾಗದ ಅಂಟಿಸಿ, ಪ್ಲೇಟು ಓಡುತ್ತಿರುವಾಗಲೇ ಸುತ್ತು ಎಣಿಸಿ. 33⅓ ವೇಗದಲ್ಲಿ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ಒಂದು ಸುತ್ತು ಹೆಚ್ಚು ಕಡಿಮೆಯಾದರೆ ಶೇಕಡಾ 1ರ ವ್ಯತ್ಯಾಸ. ಶೇಕಡಾ 6 ಆದರೆ ಶ್ರುತಿ ಕೀಬೋರ್ಡಿನ ಪಕ್ಕದ ಮನೆಗೇ ಸರಿಯುತ್ತದೆ. ನಿಧಾನವಾಗಿದ್ದರೆ ಬೆಲ್ಟು ಹಿಗ್ಗಿದೆ ಅಥವಾ ಬೇರಿಂಗಿನ ಎಣ್ಣೆ ಗಟ್ಟಿಯಾಗಿದೆ. 60 ಹರ್ಟ್ಸ್ ದೇಶಕ್ಕೆಂದು ಮಾಡಿದ ಹಳೆಯ ಎಸಿ ಮೋಟರ್ ಟರ್ನ್‌ಟೇಬಲ್ 50 ಹರ್ಟ್ಸ್‌ನಲ್ಲಿ ಶೇಕಡಾ 17ರಷ್ಟು ನಿಧಾನ ಓಡುತ್ತದೆ. ಅದಕ್ಕೆ ಪುಲ್ಲಿ ಬದಲಿಸಬೇಕು.

ವೇಗ ಸರಿಯಿದ್ದೂ ದನಿ ತೂಗಾಡಿದರೆ ಟೋನ್‌ಆರ್ಮನ್ನು ಪಕ್ಕದಿಂದ ನೋಡಿ. 1.8 ಸೆಕೆಂಡಿಗೊಮ್ಮೆ ಎಡಕ್ಕೆ ಬಲಕ್ಕೆ ವಾಲಿದರೆ ಪ್ಲೇಟಿನ ತೂತು ಮಧ್ಯಕ್ಕಿಲ್ಲ. ಮೇಲೆ ಕೆಳಗೆ ಹೋದರೆ ಪ್ಲೇಟು ಸೊಟ್ಟಗಿದೆ. ಲಯವಿಲ್ಲದೆ ತೂಗಿದರೆ ಬೆಲ್ಟಿನದ್ದೇ ತೊಂದರೆ.

‘ಸ’, ‘ಶ’ ಸೀಳುವುದು, ಕೊನೆಯ ಹಾಡು ಒಡೆಯುವುದು

ಸೂಜಿಯ ತುದಿ ನೋಡಿ. ಧೂಳಿನ ಉಂಡೆ ಸಿಕ್ಕಿಕೊಂಡಿದ್ದರೆ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆದು ತೆಗೆಯಿರಿ. ಎಷ್ಟೋ ಪ್ಲೇಟುಗಳು ಹಾಳಾಗಿವೆ ಅನ್ನುವ ತೀರ್ಮಾನ ಈ ಉಂಡೆಯಿಂದ ಬಂದದ್ದು.

ಆಮೇಲೆ ಬೇರೆ ಪ್ಲೇಟು ಹಾಕಿ ನೋಡಿ. ಒಂದೇ ಪ್ಲೇಟು ಒಡೆದರೆ ಅದು ಸವೆದಿದೆ. ಎಲ್ಲವೂ ಶುರುವಿನಿಂದಲೇ ಒಡೆದರೆ ಸೂಜಿ ಸವೆದಿದೆ. ಎಲ್ಲವೂ ಒಳಗಿನ ಹಾಡಿನಲ್ಲಿ ಮಾತ್ರ ಒಡೆದರೆ ಕಾರ್ಟ್ರಿಡ್ಜ್ ಕೂತಿರುವ ಕೋನ ಸರಿಯಿಲ್ಲ. 33⅓ ಪ್ಲೇಟಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗಿನ ಕೊನೆಯಲ್ಲಿ ಸುಮಾರು 21 ಮಾತ್ರ. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ಸಣ್ಣ ತಪ್ಪೂ ಅಲ್ಲಿ ಎದ್ದು ಕೇಳುತ್ತದೆ. ಅಲೈನ್‌ಮೆಂಟ್ ಪ್ರೊಟ್ರ್ಯಾಕ್ಟರ್ (ಕೋನ ಅಳೆಯುವ ಗೆರೆಗಳಿರುವ) ಕಾಗದ ಮುದ್ರಿಸಿಕೊಂಡು ಸರಿಮಾಡಿ. ಬಲಗಡೆ ಮಾತ್ರ ಸೀಳಿದರೆ ಆಂಟಿ-ಸ್ಕೇಟ್ (ಟೋನ್‌ಆರ್ಮ್ ಒಳಕ್ಕೆ ಎಳೆಯುವುದನ್ನು ತಡೆಯುವ ಹೊಂದಿಕೆ) ಕಡಿಮೆಯಾಗಿರಬಹುದು.

ಸೂಜಿಯ ಆಯಸ್ಸು ಸಾಮಾನ್ಯವಾಗಿ 500ರಿಂದ 1000 ಗಂಟೆ. ಆದರೆ ದಶಕಗಳ ಕಾಲ ಮೂಲೆಯಲ್ಲಿದ್ದ ಪ್ಲೇಯರಿನ ಸೂಜಿಯ ರಬ್ಬರು ಓಡಿಸದೆಯೂ ಗಟ್ಟಿಯಾಗಿರುತ್ತದೆ. ಅದರಲ್ಲಿ ಪ್ಲೇಟು ಓಡಿಸಿದರೆ ಗೆರೆಗೇ ಪೆಟ್ಟು. ಇಡೀ ಕೆಲಸದಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕಬಹುದು ಎಂದಾದರೆ ಹೊಸ ಸೂಜಿಗೆ ಹಾಕಿ.

ಸೂಜಿ ಜಿಗಿಯುವುದು

ಮೊದಲು ಆ ಜಾಗ ತೊಳೆಯಿರಿ. ಆಮೇಲೆ ಮಟ್ಟಗೋಲಿನಿಂದ ಟರ್ನ್‌ಟೇಬಲ್ ಸಮವಾಗಿದೆಯೇ ನೋಡಿ. ಸೂಜಿಯ ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆಯಿರಿ. ಅನೇಕ ಕಾರ್ಟ್ರಿಡ್ಜುಗಳಿಗೆ 1.5ರಿಂದ 2.5 ಗ್ರಾಂ, ನಿಮ್ಮದಕ್ಕೆ ತಯಾರಕರು ಬರೆದದ್ದೇ ಲೆಕ್ಕ. ಭಾರ ತೀರಾ ಕಡಿಮೆಯಾದರೆ ಸೂಜಿ ಗೆರೆಯೊಳಗೆ ಕುಣಿದು ಗೋಡೆಗೆ ಹೊಡೆಯುತ್ತದೆ. ಹೇಳಿದ ಮಿತಿಯ ಮೇಲಿನ ತುದಿಯೇ ವಾಸಿ. ತಲೆಯ ಮೇಲೆ ನಾಣ್ಯ ಇಡುವ ಹಳೆಯ ಉಪಾಯ ಬೇಡ, ಗೆರೆ ಕಿತ್ತುಹೋಗುತ್ತದೆ.

ಸಂಗ್ರಹದಲ್ಲಿ 78 ವೇಗದ ಪ್ಲೇಟಿದ್ದರೆ

ಇವುಗಳ ಲೆಕ್ಕವೇ ಬೇರೆ. ಹೆಚ್ಚಿನವು ಅರಗಿನ ಪ್ಲೇಟುಗಳು, ಎಂದರೆ ಶೆಲ್ಯಾಕ್. ಆಲ್ಕೋಹಾಲ್ ತಾಗಿದರೆ ಅರಗು ಕರಗುತ್ತದೆ. ಆಲ್ಕೋಹಾಲ್ ಇರುವ ಯಾವ ಕ್ಲೀನರನ್ನೂ ಹತ್ತಿರ ತರಬೇಡಿ.

ಸದ್ದು ಮಂಕಾಗಿ, ಬುಸುಗುಟ್ಟುತ್ತಾ ಬಂದರೆ ಸೂಜಿ ತಪ್ಪಾಗಿದೆ. 78ರ ಗೆರೆ ಅಗಲ, ಅದಕ್ಕೆ ಸುಮಾರು 76 ಮೈಕ್ರಾನಿನ ಸೂಜಿ ಬೇಕು. ಎಲ್‌ಪಿ (33⅓ ವೇಗದ ವಿನೈಲ್ ಪ್ಲೇಟು) ಸೂಜಿ 18ರಿಂದ 25 ಮೈಕ್ರಾನ್ ಮಾತ್ರ. ಅದು ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೇ ಕೆರೆಯುತ್ತದೆ. ಸೂಜಿ ಸರಿಯಿದ್ದೂ ಮಂಕಾಗಿದ್ದರೆ ಕಾರಣ ಆರ್‌ಐಎಎ. ಈ ಪ್ಲೇಟುಗಳಲ್ಲಿ ಹೆಚ್ಚಿನವು ಆ ಮಾನಕಕ್ಕಿಂತ ಹಳೆಯವು, ಕಂಪನಿಗೊಂದು ಬಗೆಯಲ್ಲಿ ಕೊರೆದವು. ಸಾಫ್ಟ್‌ವೇರಿನ ಈಕ್ವಲೈಸರಿನಲ್ಲಿ ಹೆಚ್ಚಿನ ಸದ್ದನ್ನು (ಟ್ರೆಬಲ್) ಕಿವಿಗೆ ಹಿತವಾಗುವಷ್ಟು ಏರಿಸಿ.

ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲವೇ? ಸರಿಯಾದ ಸೂಜಿ ಹಾಕಿ 45ರಲ್ಲಿ ರೆಕಾರ್ಡ್ ಮಾಡಿ, ಆಮೇಲೆ ವೇಗವನ್ನು 1.733 ಪಟ್ಟು ಏರಿಸಿ. ಶ್ರುತಿಯೂ ಜೊತೆಗೇ ಏರುವ ‘ಚೇಂಜ್ ಸ್ಪೀಡ್’ ಆಯ್ಕೆಯನ್ನೇ ಬಳಸಿ. ಬಿರುಕು ಬಿಟ್ಟ ಪ್ಲೇಟಿಗೆ ಈ ನಿಧಾನದ ದಾರಿಯೇ ಉತ್ತಮ, ಸೂಜಿ ಬಿರುಕಿನ ಮೇಲೆ ಹಾರುವುದು ಕಡಿಮೆ. ಅಂಥ ಪ್ಲೇಟನ್ನು ಪ್ರಯೋಗಕ್ಕೆ ಬಳಸಬೇಡಿ. ಲೆವೆಲ್, ಅರ್ಥಿಂಗ್, ಸೂಜಿಯ ಭಾರ ಎಲ್ಲವನ್ನೂ ಗಟ್ಟಿಯಾದ ಬೇರೆ ಪ್ಲೇಟಿನಲ್ಲಿ ಹೊಂದಿಸಿಕೊಂಡ ಮೇಲೆ ಅದನ್ನು ಹಾಕಿ. ಬಂದ ರೆಕಾರ್ಡಿಂಗನ್ನು ಏನೂ ಮುಟ್ಟದೆ, ಸದ್ದು ಕಳೆಯದ ಫ್ಲ್ಯಾಕ್ ಅಥವಾ ವೇವ್ ಫೈಲಾಗಿ ಎರಡು ಕಡೆ ಉಳಿಸಿ, ಸ್ವಚ್ಛ ಮಾಡುವ ಕೆಲಸವನ್ನು ಅದರ ನಕಲಿನಲ್ಲಿ ಮಾಡಿ.